ಜಮಾದಾರ ಕೂಗಿದ ಮಂಗಳವಾರ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಜಮಾದಾರ ಸುಳ್ಳು ಕೂಗುವ ಹುಂಜವಲ್ಲ. ಅವನಲ್ಲಿ ಬೇರೆ ಎಲ್ಲ ಕೆಟ್ಟ ಬುದ್ಧಿಯೂ ಇದೆ. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಗಿರಾಕಿಗಳು ಕೊಟ್ಟು ಹೋದ ಬಟ್ಟೆಯಲ್ಲಿ ರೇಷ್ಮೆಯನ್ನೇ ಹುಡುಕಿ ಅದರ ಮೇಲೆ ಹಿಕ್ಕೆ ಹಾಕುತ್ತಾನೆ. ಗುಂಡಿ ನುಂಗುತ್ತಾನೆ. ಮೀಸೆ ಬಿಟ್ಟ ಗಂಡಸರನ್ನು ಕಂಡರೆ ಅವನಿಗಾಗದು, ಬೀದಿಯ ತುದಿಯವರೆಗೂ ಅಟ್ಟಿಸಿಕೊಂಡು ಹೋಗಿ ಹಿಮ್ಮಡಿ ಕುಕ್ಕಿ ಬರುತ್ತಾನೆ. ಆದರೆ ಕೂಗುವ ವಿಷಯದಲ್ಲಿ ಅವನತ್ತ ಬೆರಳು ತೋರಿಸಿದವರು ಯಾರೂ ಇರಲಿಲ್ಲ, ಆ ಮಂಗಳವಾರದವರೆಗೆ.

ನಮ್ಮೂರಿನ ಹುಂಜಗಳು ಬೆಳಗಾಯಿತೆಂದು ಕೂಗುವುದಿಲ್ಲ. ಅದಕ್ಕೆ ಹಾಲಿನವಳ ಗಂಟಲೇ ಸಾಕು. ಮನೆಯಿಂದ ಹೊರಟವರು ಇನ್ನು ಆ ಮನೆಗೆ ಬರುವುದಿಲ್ಲ ಎಂದಾದರೆ ಆ ಮನೆಯ ಹುಂಜ ಕೂಗುತ್ತದೆ. ಅದೂ ಹೊರಟವರು ಬೀದಿಯ ಮೂಲೆ ತಿರುಗಿ ಕಣ್ಣಿಗೆ ಮರೆಯಾದ ಮೇಲೆ. ಪಕ್ಕದ ಮನೆಯ ಹೊಂಬಾಳಮ್ಮನ ಗಂಡ ವೀಳ್ಯದೆಲೆ ತರಲು ಹೋದಾಗ ಅವರ ಹುಂಜ ಕೂಗಿತ್ತು. ಆತ ಎಲೆ ಅಂಗಡಿಯ ಮುಂದೆಯೇ ಕುಸಿದುಬಿದ್ದರು. ಎದುರುಮನೆಯ ಹುಡುಗಿ ಕೊಡ ಹಿಡಿದು ನೀರಿಗೆ ಹೋದಾಗಲೂ ಆ ಮನೆಯ ಹುಂಜ ಕೂಗಿತ್ತು; ಅವಳು ಹೊಳೆಯಾಚೆಯ ಊರಿನಲ್ಲಿ ಬಳೆ ಅಂಗಡಿಯವನನ್ನು ಕಟ್ಟಿಕೊಂಡು ಗುಂಡುಗುಂಡಗಿದ್ದಾಳಂತೆ. ಯಾವ ಥರದ ಹೋಗುವಿಕೆ ಎಂದು ಹುಂಜ ಬಿಡಿಸಿ ಹೇಳುವುದಿಲ್ಲ. ಕೂಗಿದ ಮೇಲೆ ಅವರ ಹಿಂದೆ ಓಡುವುದು ನಮ್ಮಲ್ಲಿ ಪದ್ಧತಿಯಲ್ಲ. ಪಕ್ಕದ ಮನೆಯವರು ಬಂದು ಹೊಸ್ತಿಲ ಮೇಲೆ ಒಂದು ಬಿಂದಿಗೆ ನೀರು ಸುರಿಯುತ್ತಾರೆ, ಹೆಂಗಸರು ಸುತ್ತ ಕೂರುತ್ತಾರೆ, ಹೋದವರ ಹೆಸರನ್ನು ಆಮೇಲೆ ಆ ಬೀದಿಯಲ್ಲಿ ಯಾರೂ ಎತ್ತುವುದಿಲ್ಲ. ಇನ್ನು ನೆಂಟರು ಬಂದು ಹೊರಟರೆ ಮೊದಲು ಹುಂಜದ ಮೇಲೆ ಬುಟ್ಟಿ ಕವುಚಿಡುವುದು ಮರ್ಯಾದೆ. ಅಪ್ಪಿತಪ್ಪಿ ಕೂಗಿಬಿಟ್ಟರೆ, ಇವರಿಗೆ ನಮ್ಮ ಊಟ ರುಚಿಸಲಿಲ್ಲ ಎಂದು ಬೀದಿಗೆಲ್ಲ ಗೊತ್ತಾಗಿಬಿಡುತ್ತದೆ.

ಇಂಥ ಪ್ರಾಣಿಯನ್ನು ಸಾಕುವುದು ಸುಲಭವಲ್ಲ. ಚಳಿಗೆ ಜುಟ್ಟು ಒಡೆಯದಂತೆ ಕೊಬ್ಬರಿ ಎಣ್ಣೆ ಹಚ್ಚಬೇಕು. ಹೇನಾಗದಂತೆ ಹಿತ್ತಿಲಲ್ಲಿ ಬೂದಿಯ ಗುಂಡಿ ಮಾಡಿಕೊಡಬೇಕು. ಅದರಲ್ಲಿ ಹೊರಳಿ ಎದ್ದು ನೇರವಾಗಿ ನಾನು ಒಣಹಾಕಿದ ಬಿಳಿ ಪಂಚೆಯ ಮೇಲೆ ಮೈ ಕೊಡವುತ್ತಾನೆ. ಕಾಲಿನ ಮುಳ್ಳು ಉಜ್ಜಿ ಮೊಂಡು ಮಾಡಲು ಹೋದರೆ ನನ್ನ ಮೊಣಕೈ ಸೀಳುತ್ತಾನೆ. ಬೈದು ಬೈದು ಸಾಕಾಗುತ್ತದೆ. ಆದರೆ ಮಧ್ಯಾಹ್ನ ಊಟವಾದ ಮೇಲೆ ತಾನೇ ಬಂದು ತೊಡೆಯೇರಿ, ಗಂಟಲಲ್ಲಿ ಕುರ್ರ್ ಎಂದು ಏನೋ ಹೇಳಿಕೊಳ್ಳುತ್ತ ಕಣ್ಣು ಮುಚ್ಚುತ್ತಾನಲ್ಲ, ಆಗ ಅವನ ಎದೆಯ ಗರಿಗಳ ಒಳಗೆ ಬೆರಳಿಟ್ಟರೆ ಬಿಸಿಬಿಸಿಯಾಗಿರುತ್ತದೆ, ಹುರಿದ ಜೋಳದ ವಾಸನೆ ಬರುತ್ತದೆ. ಮಗಳ ಮದುವೆಯಾದ ಮೇಲೆ ನನ್ನ ಮೈಗೆ ಒರಗಿ ಮಲಗುವ ಜೀವ ಇನ್ನೊಂದಿರಲಿಲ್ಲ. ಅವನನ್ನು ನಾನು ತುಂಬ ಪ್ರೀತಿಸುತ್ತೇನೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅವನನ್ನು ಮನೆಗೆ ತಂದವರು ನಮ್ಮ ಯಜಮಾನರೇ. ಅವರು ಕಡಲೆಪುರಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಅಂಗೈಯಷ್ಟಿದ್ದ ಮರಿಯನ್ನು ಪುರಿ ಚೀಲದಲ್ಲಿ ಹಾಕಿಕೊಂಡು ಬಂದು, ಇಲ್ಲಿಗೊಬ್ಬ ಜಮಾದಾರನನ್ನು ಕರೆತಂದಿದ್ದೀನಿ ನೋಡು ಎಂದು ನನ್ನ ಮಡಿಲಿಗೆ ಬಿಟ್ಟಿದ್ದರು. ದಿನಾ ಸಂಜೆ ಅವರ ಜೇಬಿನಲ್ಲಿ ಅವನ ಪಾಲಿನ ಪುರಿ ಇರುತ್ತಿತ್ತು.

ಆ ಮಂಗಳವಾರ ಅವರು ಎಂದಿನಂತೆ ಬುತ್ತಿ ಡಬ್ಬಿ ಹಿಡಿದು ಹೊರಟರು. ಬಸ್ಸಾರು, ಮುದ್ದೆ, ಒಂದು ಈರುಳ್ಳಿ ಕಟ್ಟಿಕೊಟ್ಟಿದ್ದೆ. ನಾನು ಬಾಗಿಲ ಪಕ್ಕದ ಮಿಷನ್ನಿನಲ್ಲಿ ಒಂದು ತೋಳಿಗೆ ಹೊಲಿಗೆ ಹಾಕುತ್ತಿದ್ದೆ. ಜಮಾದಾರ ಜಗುಲಿಯಿಂದ ಇಳಿದ, ಮತ್ತೆ ಹತ್ತಿದ, ಕತ್ತು ಚಾಚಿದ, ಕೂಗಿದ. ಎಂಥ ಕೂಗು ಅಂತೀರಿ, ಬೀದಿಯ ಎರಡೂ ತುದಿಗೆ ಕೇಳಿಸಿತು. ನನ್ನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಹೊಂಬಾಳಮ್ಮ ಬಿಂದಿಗೆ ಹಿಡಿದು ಓಡಿಬಂದಳು, ಹೊಸ್ತಿಲ ಮೇಲೆ ನೀರು ಸುರಿದಳು, ನನ್ನ ಭುಜ ಹಿಡಿದುಕೊಂಡು ಕೂತಳು. ಒಬ್ಬೊಬ್ಬರೇ ಬಂದರು. ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಎಲ್ಲಿ ಬಿದ್ದರೋ, ಯಾರ ಜೊತೆ ಹೋದರೋ ಎಂದು ಎರಡನ್ನೂ ಸರದಿಯ ಮೇಲೆ ಯೋಚಿಸುತ್ತಿದ್ದೆ. ಎರಡನೆಯದು ಬಂದಾಗ ಹೊಟ್ಟೆ ಉರಿಯುತ್ತಿತ್ತು, ಮೊದಲನೆಯದು ಬಂದಾಗ ಕೈಕಾಲು ತಣ್ಣಗಾಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಅವರು ಬೀದಿಯ ಮೂಲೆ ತಿರುಗಿ ನಡೆದುಕೊಂಡು ಬಂದರು. ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಪೇಪರಿನ ಪೊಟ್ಟಣ.

"ಏನಿದು, ಇಷ್ಟೊಂದು ಜನ? ಯಾರು ಹೋದ್ರು?" ಎಂದರು.

ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದರು. ಹೊಂಬಾಳಮ್ಮ ಮಾತ್ರ ಅವರನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಿವಿಯಲ್ಲಿ, "ಹುಷಾರು ಕಣೆ ನಿಂಗಾಜಿ. ನಮ್ಮೂರಲ್ಲಿ ಹುಂಜ ಕೂಗಿದ ಮೇಲೆ ತಿರುಗಿ ಬಂದೋರು ಯಾರವ್ರೆ?" ಎಂದು ಹೇಳಿ ಹೋದಳು. ಅವರು ಪೊಟ್ಟಣ ಬಿಚ್ಚಿ ಪುರಿ ಚೆಲ್ಲಿದರು. ಜಮಾದಾರ ಮಿಷನ್ನಿನ ಕೆಳಗೆ ಹೋಗಿ ಬೆನ್ನು ತಿರುಗಿಸಿ ಕೂತ. ಒಂದು ಕಾಳೂ ಮುಟ್ಟಲಿಲ್ಲ.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಹುಂಜ ತಪ್ಪುವುದಿಲ್ಲ. ಹಾಗಾದರೆ ನಮ್ಮ ಯಜಮಾನರು ವಾಪಸ್ ಬಂದಿಲ್ಲ. ಹಾಗಾದರೆ ನನ್ನೆದುರು ಮಣೆ ಹಾಕಿಕೊಂಡು ಕೂತ ಈ ಮನುಷ್ಯ ಯಾರು? ಮುಖ ಅದೇ. ಭಟ್ಟಿಯ ಬಾಂಡಲೆ ತಗುಲಿ ಸುಟ್ಟ ಬಲಗೈ ಕಲೆ ಅಲ್ಲೇ ಇತ್ತು. ಸಾರು ಬಡಿಸುವ ನೆಪದಲ್ಲಿ ಬಗ್ಗಿ ನೋಡಿದೆ. ಕೆಮ್ಮು ಅದೇ. ಆದರೆ ಎರಡನೇ ತುತ್ತಿಗೆ ತಲೆಯೆತ್ತಿ, "ಸಾರು ಚೆನ್ನಾಗಿದೆ ನಿಂಗಾಜಿ" ಎಂದಿತು ಆ ಬಾಯಿ. ಮದುವೆಯಾದಂದಿನಿಂದ ನಮ್ಮ ಯಜಮಾನರು ಉಪ್ಪು ಜಾಸ್ತಿಯಾದಾಗ ಮಾತ್ರ ಸಾರಿನ ಮಾತು ಎತ್ತಿದವರು.

ಬುಧವಾರ ಬೆಳಿಗ್ಗೆ ಈ ಮನುಷ್ಯ ತಾನೇ ಎದ್ದು ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿತು. ಹಾಸಿಗೆ ಸುತ್ತಿ ಮೂಲೆಗಿಟ್ಟಿತು. ಮಂಗಳವಾರದ ಬುತ್ತಿ ಡಬ್ಬಿ ತೆಗೆದು ನೋಡಿದೆ, ಕನ್ನಡಿಯಂತೆ ತೊಳೆದಿಟ್ಟಿತ್ತು. ಒಣಗಿದ ಮುದ್ದೆಯನ್ನು ಕೆರೆಯುವುದು ನನ್ನ ಪಾಲಿನ ಕೆಲಸವೇ ಹೊರತು, ಆ ಡಬ್ಬಿಯನ್ನು ತೊಳೆದು ತರಬಹುದೆಂಬುದು ನಮ್ಮ ಯಜಮಾನರಿಗೆ ಹೊಳೆದದ್ದೇ ಇಲ್ಲ. ಚಪ್ಪಲಿ ಮಗುಚಿ ನೋಡಿದೆ. ಅಂಚಿಗೆ ಮರಳು ಅಂಟಿತ್ತು. ಭಟ್ಟಿಯಲ್ಲೂ ಮರಳೇ, ಕಾದ ಮರಳಿನಲ್ಲಿ ಅಕ್ಕಿ ಅರಳಿಸುವುದು; ಆದರೆ ಆ ಮರಳು ಸುಟ್ಟು ಸುಟ್ಟು ಕರ್ರಗಿರುತ್ತದೆ, ಅವರ ಅಂಗಿ ಪಂಚೆಗಳಿಂದ ಅದನ್ನು ಕೊಡವುತ್ತಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಇದು ಬೆಳ್ಳಗಿತ್ತು. ಹೊಳೆಯ ಮರಳು. ಊರು ಬಿಡುವವರು ಆ ಹೊಳೆಯನ್ನೇ ದೋಣಿಯಲ್ಲಿ ದಾಟಬೇಕು, ಬಸ್ಸು ಸಿಗುವುದು ಆಚೆ ದಡದಲ್ಲಿ.

ನಾನು ಏನೂ ಕೇಳಲಿಲ್ಲ. ಸುಮ್ಮನೆ ನೋಡುತ್ತಿದ್ದೆ. ಈ ಮನುಷ್ಯನೂ ನನ್ನನ್ನು ನೋಡುತ್ತಿತ್ತು. ಮನೆಯಲ್ಲಿ ಎರಡು ಜೊತೆ ಕಣ್ಣುಗಳು ಕಳ್ಳರಂತೆ ಓಡಾಡುತ್ತಿದ್ದವು, ಮೂರನೆಯ ಜೊತೆ ಮಿಷನ್ನಿನ ಕೆಳಗಿಂದ ನಮ್ಮಿಬ್ಬರನ್ನೂ ಕಾಯುತ್ತಿತ್ತು.

ಅಂದು ಸಂಜೆ ಬೀದಿಯ ದೊಡ್ಡವರಾದ ದ್ಯಾವಣ್ಣನವರು ಬಂದು ಜಗುಲಿಯ ಮೇಲೆ ಕೂತರು. ಮೀಸೆ ಇದ್ದದ್ದರಿಂದ ಜಮಾದಾರನನ್ನು ನಾನು ಕಂಕುಳಲ್ಲಿ ಅವುಚಿಕೊಂಡೇ ನಿಂತಿದ್ದೆ.

"ನೋಡು ತಾಯಿ," ಎಂದರು ದ್ಯಾವಣ್ಣ, "ಎರಡರಲ್ಲಿ ಒಂದಂತೂ ಸುಳ್ಳು. ಹುಂಜ ಸುಳ್ಳು ಕೂಗಿದ್ರೆ ಕುಯ್ದು ಮನೆಗೊಂದು ತುಂಡು ಹಂಚ್ಬೇಕು. ಬಿಟ್ರೆ ಬೀದಿ ಹುಂಜಗಳೆಲ್ಲ ಕಲಿತ್ಕೊಳ್ತವೆ, ಆಮೇಲೆ ನಾವ್ಯಾರನ್ನ ನಂಬೋದು? ಹುಂಜ ನಿಜ ಕೂಗಿದ್ರೆ ಇವ್ರು ನಮ್ಮ ಮರಿಸ್ವಾಮಿ ಅಲ್ಲ. ಯಾವುದು ಅಂತ ಹೇಳೋ ಹಕ್ಕು ಮನೆ ಹೆಂಗಸಿಂದು. ಭಾನುವಾರ ಬೆಳಿಗ್ಗೆ ಬೀದಿ ಮುಂದೆ ಹೇಳ್ಬಿಡು."

"ಭಾನುವಾರದವರೆಗೂ ಯಾಕೆ ಕಾಯ್ಬೇಕು ದ್ಯಾವಣ್ಣ?" ಒಳಗಿಂದ ಈ ಮನುಷ್ಯ ಹೇಳಿತು. "ಹುಂಜಕ್ಕೆ ವಯಸ್ಸಾಯ್ತು, ತಲೆ ಕೆಟ್ಟಿದೆ. ಈಗ್ಲೇ ಕುಯ್ದ್ರೂ ನನ್ನದೇನೂ ಅಡ್ಡಿಯಿಲ್ಲ."

ನನ್ನ ಕಂಕುಳಲ್ಲಿ ಜಮಾದಾರ ಅಲುಗಾಡಲಿಲ್ಲ. ಮೈಯೆಲ್ಲ ಬಿಗಿ ಮಾಡಿಕೊಂಡಿದ್ದ. ಚೀಲದಲ್ಲಿ ಮರಿ ತಂದ ಕೈ, ಮಳೆ ಬಂದರೆ ತಮ್ಮ ಟವಲಿನಲ್ಲಿ ಅವನನ್ನು ಒರೆಸುತ್ತಿದ್ದ ಕೈ, ಇಷ್ಟು ಸಲೀಸಾಗಿ ಕುಯ್ಯಿ ಎನ್ನುತ್ತದೆಯೇ? ಅಷ್ಟು ಅವಸರ ಯಾಕೆ? ನನ್ನ ಅನುಮಾನ ಅಲ್ಲಿಗೆ ಗಟ್ಟಿಯಾಯಿತು. ಬೀದಿಯವರಿಗೇನು, ಗುರುವಾರವೇ ಧನಿಯಾ ಹುರಿಯುವ ವಾಸನೆ ಬರತೊಡಗಿತು. ಹೊಂಬಾಳಮ್ಮನನ್ನು ಕೇಳಿದರೆ, "ನಮ್ಮನೇಲಿ ಹೆಂಗೂ ಖಾರದ ಪುಡಿ ಮುಗಿದಿತ್ತು ಕಣೆ" ಎಂದು ಗೋಡೆ ನೋಡಿಕೊಂಡು ಹೇಳಿದಳು.

ಈ ಮನುಷ್ಯ ದಿನಾ ಡಬ್ಬಿ ಹಿಡಿದು ಹೊರಡುತ್ತಿತ್ತು, ಸಂಜೆ ಬರುತ್ತಿತ್ತು, ಜಮಾದಾರ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಶನಿವಾರ ನಾನು ಅರ್ಧ ಗಂಟೆ ಬಿಟ್ಟು ಭಟ್ಟಿಗೇ ಹೋದೆ. ಭಟ್ಟಿಯ ಮಾಲೀಕರಾದ ಖಾಸಿಂ ಸಾಬರು ಅಕ್ಕಿಗೆ ಉಪ್ಪುನೀರು ಚಿಮುಕಿಸುತ್ತ ನಿಂತಿದ್ದರು. ಒಲೆಯ ಮುಂದೆ ಬೇರೆ ಯಾರೋ ಇದ್ದರು.

"ಮರಿಸ್ವಾಮಿನಾ?" ಎಂದರು ಸಾಬರು. "ಅವನು ಸೋಮವಾರ ಸಂಜೇನೇ ಜರಡಿ ವಾಪಸ್ ಕೊಟ್ನಲ್ಲಮ್ಮ. ನಿಮಗೆ ಹೇಳಿಲ್ವಾ?"

ಭಟ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜರಡಿ. ಅರಳಿದ ಪುರಿಯಿಂದ ಮರಳು ಸೋಸುವ ಆ ಜರಡಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದನ್ನು ಮಾಲೀಕರ ಕೈಗೆ ಕೊಟ್ಟರೆ ಕೆಲಸ ಬಿಟ್ಟ ಹಾಗೆ. ಯಾಕಂತೆ ಎಂದು ಕೇಳಿದೆ. "ಕೇಳ್ದೆ. ಊರು ಬಿಡ್ತೀನಿ ಅಂದ. ಹುಂಜ ಇರೋ ಮನೆ, ಹೋದ್ರೆ ಅದೇ ಕೂಗಿ ಹೇಳುತ್ತೆ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಾದೆ" ಎಂದರು. ಗೋಡೆಯ ಮೊಳೆಗೆ ನಮ್ಮ ಯಜಮಾನರ ಜರಡಿ ತೂಗುತ್ತಿತ್ತು. ಅದರ ಅಂಚಿಗೆ ಸುತ್ತಿದ್ದ ಹಸಿರು ಬಟ್ಟೆ ನನ್ನ ಹಳೇ ರವಿಕೆಯದು.

ಮನೆಗೆ ಬಂದಾಗ ಈ ಮನುಷ್ಯ ಜಗುಲಿಯ ಮೇಲೆ ಕೂತಿತ್ತು. ಹೋಗಲು ಜಾಗವಿಲ್ಲದೆ ದಿನಾ ಎಲ್ಲೆಲ್ಲಿ ಕೂತು ಬರುತ್ತಿತ್ತೋ, ಇವತ್ತು ಬೇಗ ಬಂದುಬಿಟ್ಟಿತ್ತು. ನಾನು ಒಳಗೆ ಕರೆದು ಬಾಗಿಲು ಹಾಕಿದೆ.

"ಜರಡಿ ನೋಡ್ಕೊಂಡು ಬಂದೆ," ಎಂದೆ.

ಅವರು ಕಾಲು ಮಡಿಚಿಕೊಂಡರು. "ಹೋಗಿದ್ದೆ," ಎಂದರು. "ದೋಣೀಲಿ ಆ ದಡಕ್ಕೆ ಹೋದೆ. ಬಸ್ಸು ಬಂತು. ಹತ್ತಲಿಲ್ಲ."

"ಯಾರಿದ್ರು ಜೊತೇಲಿ?"

"ಯಾರಿರ್ತಾರೆ? ಮುದ್ದೆ ಡಬ್ಬಿ ಇತ್ತು."

"ಮತ್ತೆ ಯಾಕ್ರೀ? ನಾನೇನು ಮಾಡಿದ್ದೆ ನಿಮಗೆ?"

"ಏನೂ ಮಾಡ್ಲಿಲ್ಲ ಕಣೆ," ಎಂದರು. ಧ್ವನಿ ಸಣ್ಣಗಾಗಿತ್ತು. "ದಿನಾ ನಾನು ಹೊಸ್ತಿಲು ದಾಟ್ತೀನಿ. ನೀನು ಮಿಷನ್ ನಿಲ್ಲಿಸ್ತೀಯ. ನಿಲ್ಲಿಸಿ ಹುಂಜದ ಕಡೆ ನೋಡ್ತೀಯ. ಮೂಲೇಲಿ ತಿರುಗಿ ನೋಡ್ದಾಗ್ಲೆಲ್ಲ ನಿನ್ನ ಕಣ್ಣು ಅದರ ಮೇಲೇ. ಅದು ಕೂಗ್ಲಿಲ್ಲ ಅಂದ್ರೆ ನಿನಗೆ ಅಷ್ಟೇ ಸಾಕು, ಮತ್ತೆ ಮಿಷನ್ ತುಳೀತೀಯ. ನಾನು ಹೋದ್ನೋ, ಹೆಂಗೆ ಹೋದೆ, ಮುಖ ಹೆಂಗಿತ್ತು, ಏನೂ ಬೇಕಾಗಿಲ್ಲ. ಒಂದ್ಸಲ ಅದು ಕೂಗ್ಲಿ ಅನ್ನಿಸ್ತು. ನಿಜವಾಗ್ಲೂ ಹೋಗ್ಬಿಡೋಣ ಅಂತ್ಲೇ ಹೊರಟೆ. ಆ ದಡದಲ್ಲಿ ಕೂತ್ಕೊಂಡೆ. ಕೂಗಿರುತ್ತೆ ಅಂತ ಗೊತ್ತಿತ್ತು. ನೀನು ಓಡ್ಕೊಂಡು ಬರ್ತೀಯೇನೋ ಅಂತ ದೋಣಿ ಬಂದಾಗ್ಲೆಲ್ಲ ನೋಡ್ದೆ."

"ಓಡೋದು ಪದ್ಧತಿ ಅಲ್ವಲ್ಲ," ಎಂದೆ.

"ಹೌದು, ಅಲ್ಲ. ಹಸಿವಾಯ್ತು, ಊಟ ಮಾಡ್ದೆ. ಡಬ್ಬಿ ಹೊಳೇಲಿ ತೊಳೆದೆ. ತೊಳೆದ ಡಬ್ಬಿ ಇಟ್ಕೊಂಡು ಎಲ್ಲಿಗೆ ಹೋಗ್ಲಿ ಅಂತ ತೋಚ್ಲಿಲ್ಲ. ಕೊನೇ ದೋಣಿ ಹತ್ತಿ ಬಂದೆ." ಆಮೇಲೆ ಹೇಳಿದರು, "ನಾಳೆ ಹುಂಜ ಸುಳ್ಳು ಅಂದುಬಿಡು ನಿಂಗಾಜಿ. ನಿಜ ಅಂದ್ರೆ ನಾನು ಈ ಮನೇಲಿ ಯಾರು? ನನ್ನ ಹೆಸರು ಹಿಡಿದು ಬೀದೀಲಿ ಒಬ್ರೂ ಕರೆಯೋ ಹಾಗಿಲ್ಲ."

ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಕೋಪ ಬಂತು. ಅವರ ಮಾತು ನಂಬಲೋ ಬೇಡವೋ ಎಂದೂ ಅನ್ನಿಸಿತು. ಇಷ್ಟು ಉದ್ದ ಮಾತಾಡುವುದು ನಮ್ಮ ಯಜಮಾನರ ಜಾಯಮಾನವಲ್ಲ. ಎದ್ದು ಒಲೆ ಹಚ್ಚಿದೆ. ಜಮಾದಾರ ಹಿಂದೆಯೇ ಬಂದು ಸೌದೆಯ ಮೇಲೆ ಕೂತ. ಅವನ ಕತ್ತು ನೋಡಿದೆ. ಹಸಿರು, ನೀಲಿ, ತಾಮ್ರದ ಬಣ್ಣ ಎಲ್ಲ ಆ ಕತ್ತಿನಲ್ಲೇ ಇತ್ತು. ಆ ಕತ್ತು ಮಾಡಿದ್ದೇನು, ತನ್ನ ಕೆಲಸ ಅಷ್ಟೇ.

ಭಾನುವಾರ ಬೆಳಿಗ್ಗೆ ಜಗುಲಿಯ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ಹೆಂಗಸರು ಪಾತ್ರೆಗಳನ್ನು ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದರು, ನನಗೆ ಕಾಣುವುದಿಲ್ಲ ಎಂದುಕೊಂಡು. ಚೂರಿ ದ್ಯಾವಣ್ಣನವರ ಪಕ್ಕದಲ್ಲಿ ಒಂದು ಬಾಳೆ ಎಲೆಯ ಮೇಲಿತ್ತು. ಈ ಮನುಷ್ಯ ಕಂಬಕ್ಕೆ ಒರಗಿ ನಿಂತಿತ್ತು, ಗಡ್ಡ ಹೆರೆದುಕೊಂಡು, ಒಗೆದ ಅಂಗಿ ಹಾಕಿಕೊಂಡು, ಹೆಣ್ಣು ನೋಡಲು ಬಂದವರಂತೆ. ನಾನು ಜಮಾದಾರನನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಲ್ಲಿ ನಿಂತೆ. ಅವನ ಎದೆಬಡಿತ ನನ್ನ ಅಂಗೈಯಲ್ಲಿ ಓಡುತ್ತಿತ್ತು.

"ಹೇಳು ತಾಯಿ," ಎಂದರು ದ್ಯಾವಣ್ಣ.

"ಹುಂಜ ನಿಜ," ಎಂದೆ. "ಮಂಗಳವಾರ ಇಲ್ಲಿಂದ ಹೋದೋರು ವಾಪಸ್ ಬರ್ಲಿಲ್ಲ."

ಪಾತ್ರೆಗಳು ಸೆರಗಿನಡಿ ಟಣ್ ಎಂದವು. ಕಂಬಕ್ಕೆ ಒರಗಿದ್ದ ಮುಖ ಬಿಳಿಚಿಕೊಂಡಿತು. ಅವರು ಮೆಟ್ಟಿಲಿಳಿಯಲು ಒಂದು ಕಾಲು ಕೆಳಗಿಟ್ಟರು.

"ಹಂಗಾದ್ರೆ ಇವ್ರು ಯಾರೇ?" ಹೊಂಬಾಳಮ್ಮ ಕೂಗಿ ಕೇಳಿದಳು.

"ಯಾರೋ ಗೊತ್ತಿಲ್ಲ," ಎಂದೆ. "ನೀರು ಸೇದ್ತಾರೆ. ಡಬ್ಬಿ ತೊಳೀತಾರೆ. ಸಾರು ಚೆನ್ನಾಗಿದೆ ಅಂತಾರೆ. ಇರ್ಲಿ ಅಂತಿದ್ದೀನಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕೆಂದರು, ನಗು ಬೀದಿಯುದ್ದಕ್ಕೂ ಹೋಯಿತು. ದ್ಯಾವಣ್ಣನವರು ನಗಲಿಲ್ಲ. ಮೀಸೆ ತಿರುವಿ ಯೋಚಿಸಿ, "ಅಡ್ಡಿಯಿಲ್ಲ, ಪದ್ಧತೀಲಿ ಇದಕ್ಕೆ ಬೇಡ ಅಂತ ಎಲ್ಲೂ ಇಲ್ಲ," ಎಂದರು. "ಆದ್ರೆ ಹಳೇ ಹೆಸರು ನಡೆಯಲ್ಲ. ನಿಮ್ಮನ್ನ ಏನಂತ ಕರೀಬೇಕಪ್ಪ?"

ಅವರು ನನ್ನ ಮುಖ ನೋಡಿದರು. ಗಂಡನ ಹೆಸರು ಹೇಳಬಾರದೆಂದು ಬೆಳೆದ ಬಾಯಿ ನನ್ನದು, ಈಗ ಹೆಸರಿಡಲು ಹೇಳಿದರೆ ಏನು ಮಾಡಲಿ? "ನಿಧಾನಕ್ಕೆ ನೋಡೋಣ, ಏನವಸರ," ಎಂದು ಒಳಗೆ ಹೋದೆ. ಅಂದು ಬೀದಿಯವರೆಲ್ಲ ಖಾರದ ಪುಡಿಗೆ ಬದನೇಕಾಯಿ ಹಾಕಿಕೊಂಡರು.

ಸೋಮವಾರ ಖಾಸಿಂ ಸಾಬರ ಹತ್ತಿರ ಹೊಸಬರಂತೆ ಕೆಲಸ ಕೇಳಲು ಅವರು ಹೊರಟರು. ಡಬ್ಬಿ ಕೈಗೆ ಕೊಟ್ಟೆ. ಹೊಸ್ತಿಲು ದಾಟಿದರು. ನನ್ನ ಕಾಲು ತನ್ನಷ್ಟಕ್ಕೆ ಪೆಡಲಿನ ಮೇಲೆ ನಿಂತಿತು, ಕತ್ತು ತನ್ನಷ್ಟಕ್ಕೆ ಜಗುಲಿಯ ಕಡೆ ತಿರುಗಲು ಹೊರಟಿತು. ಆ ಕತ್ತನ್ನು ನಾನೇ ಹಿಡಿದು ನಿಲ್ಲಿಸಿದೆ. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಅವರ ಪಕ್ಕಕ್ಕೆ ಹೋಗಿ ನಡೆಯತೊಡಗಿದೆ. ಕಿಟಕಿಗಳಲ್ಲೆಲ್ಲ ತಲೆಗಳು ಹುಟ್ಟಿಕೊಂಡವು.

"ಏನು, ನೀನೂ ಬರ್ತೀಯಾ?" ಎಂದರು ಅವರು.

"ಮೂಲೇವರೆಗೆ," ಎಂದೆ.

ಮೂಲೆಯಲ್ಲಿ ನಿಂತೆ. ಅವರು ತಿರುಗಿ ಮುಂದೆ ನಡೆದರು. ಹಿಂದಿನಿಂದ ನೋಡಿದರೆ ಎಡ ಭುಜ ಸ್ವಲ್ಪ ಇಳಿದಿದೆ, ಅಂಗಿಯ ಬೆನ್ನಿಗೆ ಹಾಕಿದ ತೇಪೆ ಬಿಟ್ಟಿದೆ, ನಡುನಡುವೆ ಡಬ್ಬಿಯನ್ನು ಕೈ ಬದಲಾಯಿಸುತ್ತಾರೆ. ಇದೆಲ್ಲ ಮೊದಲಿಂದಲೂ ಹೀಗೇ ಇತ್ತೋ, ಈ ಹೊಸಬರಿಗೆ ಮಾತ್ರ ಹೀಗೋ, ನನಗೆ ಹೇಳಲು ಬರಲಿಲ್ಲ. ಅವರು ಒಮ್ಮೆ ತಿರುಗಿ ನೋಡಿದರು. ನನ್ನ ಕಣ್ಣು ಅವರ ಮೇಲೆಯೇ ಇತ್ತು, ನೋಡಿಕೊಂಡರು, ಮುಂದೆ ಹೋದರು. ಕಣ್ಣನ್ನು ನಾನು ಕದಲಿಸಲಿಲ್ಲ. ಕಿವಿಗೆ ಏನು ಮಾಡಲಿ, ಅದು ಮಾತ್ರ ಜಗುಲಿಯ ಕಡೆಗೇ ಇತ್ತು.